ಹದಿನೇಳನೇ ಪುಟದ ಅಜ್ಜಿ

ಊರಿಂದ,
ಭಾನುವಾರ, ಮಾರ್ಚ್ ೧೧

ಪ್ರೀತಿಯ ಚೂಟಿ,

ಹೇಗಿದ್ದೀಯ ಮಗಳೇ? ಕತ್ತುನೋವು ಕಡಿಮೆಯಾಯಿತೇ? ದಿನವಿಡೀ ತಲೆ ಬಗ್ಗಿಸಿ ಕೆಲಸ ಮಾಡುವವರಿಗೆ ಬರುವ ನೋವು ಅದು, ನನಗೆ ಹೊಸದೇನಲ್ಲ. ಆ ಎತ್ತರದ ದಿಂಬು ತೆಗೆದುಹಾಕಿ ಟವೆಲ್ ಮಡಿಸಿ ತಲೆಗಿಟ್ಟುಕೊಂಡು ಮಲಗು. ಅಳಿಯಂದಿರು ಚೆನ್ನಾಗಿದ್ದಾರೆಯೇ? ನಿನ್ನ ಮಗ ಮರಿಗೆ ಕೆಮ್ಮು ಬಿಟ್ಟಿತೇ? ಹೋದ ಸಲ ಫೋನಿನಲ್ಲಿ ಒಂದರಿಂದ ಹತ್ತು ಎಣಿಸಿ ತೋರಿಸುವಾಗ ಆರನ್ನು ನುಂಗಿಬಿಟ್ಟ, ಏಳರ ಹತ್ತಿರ ಕೆಮ್ಮು ಬಂತು, ಹತ್ತಾದ ಮೇಲೆ ತಾನೇ ಚಪ್ಪಾಳೆ ತಟ್ಟಿಕೊಂಡ. ಆ ಹೊಗಳಿಕೆಯ ಹುಚ್ಚು ಎಲ್ಲಿಂದ ಬಂತು ಅಂತ ನಾನು ಹೇಳಬೇಕಾಗಿಲ್ಲ. ಕಾಗದ ಯಾಕೆ, ಫೋನ್ ಮಾಡಬಾರದೇ ಅನ್ನುತ್ತೀಯ. ಫೋನಿನಲ್ಲಿ ನೀನು "ಅಮ್ಮಾ, ಮೀಟಿಂಗು" ಅಂದರೆ ನನ್ನ ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಕಾಗದವನ್ನು ನೀನು ಓದುತ್ತೀಯೋ ಬಿಡುತ್ತೀಯೋ, ನಾನಂತೂ ಕೊನೆಯವರೆಗೂ ಬರೆಯಬಹುದು.

ಇಲ್ಲಿಯ ಸಮಾಚಾರ ಹೇಳುತ್ತೇನೆ. ನಿನ್ನ ತಮ್ಮ ಬಂದರಿನಲ್ಲಿ ಕ್ರೇನ್ ಓಡಿಸುತ್ತಾ ಹತ್ತು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಬಂದವನು ಹನ್ನೆರಡು ಗಂಟೆ ನಿದ್ದೆ ಹೊಡೆದು, ಎದ್ದು, "ಅಮ್ಮಾ, ಸೊರಗಿದ್ದೀಯಲ್ಲ" ಎಂದು ಹೇಳಿ ಮತ್ತೆ ಹೊರಡುತ್ತಾನೆ. ಅವನ ಸಂಸಾರ ಅಷ್ಟೇ. ಸೊಸೆಗೆ ಮೊದಲ ಬಸ್ಸಿನ ಡ್ಯೂಟಿ. ಐದೂ ನಲವತ್ತಕ್ಕೆ ಬಸ್ಸು ಡಿಪೋ ಬಿಡಬೇಕು, ಹಾಗಾಗಿ ಐದಕ್ಕೇ ಟಿಕೆಟ್ ಚೀಲ ಹೆಗಲಿಗೇರಿಸಿ ಮನೆಯಿಂದ ಹೊರಡಬೇಕು. ಕಂಡಕ್ಟರ್ ಕೆಲಸ ಅಂದರೆ ಅವಳಿಗೆ ಪ್ರಾಣ. ಬಸ್ಸು ತುಂಬಿದ ಗಂಡಸರನ್ನು ಬರೀ ಕಣ್ಣಿನಲ್ಲೇ ಹಿಂದಕ್ಕೆ ಸರಿಸುತ್ತಾಳೆ, ಮನೆಗೆ ಬಂದರೆ ನನ್ನ ಮುಂದೆ ಬೆಕ್ಕಿನ ಮರಿ. ಅವರ ಮಗಳು ಬುಗುರಿಗೆ ಎರಡು ವರ್ಷ ಮೂರು ತಿಂಗಳಾಯಿತು. ನಿಂತಲ್ಲಿ ನಿಲ್ಲದ ಮಗು ಅಂತ ಹುಟ್ಟಿದ ವರ್ಷವೇ ಆ ಹೆಸರಿಟ್ಟವಳು ನೀನೇ ಅಲ್ಲವೇ? ಈಗ ನಿಂತಲ್ಲಿ ನಿಲ್ಲದಿರುವುದಷ್ಟೇ ಅಲ್ಲ, ಕುರ್ಚಿ ಎಳೆದುಕೊಂಡು ಹೋಗಿ ಮುಂಬಾಗಿಲಿನ ಚಿಲಕ ತೆಗೆಯಲೂ ಕಲಿತಿದ್ದಾಳೆ.

ಆ ಚಿಲಕದ ವಿಷಯ ನಿನಗೆ ಮುಂಚೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಎರಡು ತಿಂಗಳ ಹಿಂದೆ, ಬೆಳಿಗ್ಗೆ ಹತ್ತರ ಸುಮಾರಿಗೆ, ಬುಗುರಿಗೆ ಸ್ನಾನ ಮಾಡಿಸಿ ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿ ಇಳಿಸಿದೆ. ಕಣ್ಣಿಗೆ ಕತ್ತಲೆ ಕಟ್ಟಿತು. ಅಲ್ಲಿಂದಾಚೆಗೆ ನೆನಪಿಲ್ಲ. ಎಚ್ಚರವಾದಾಗ ನಾನು ನೆಲದ ಮೇಲೆ, ಮುಂಬಾಗಿಲು ಹಾರು ಹೊಡೆದಿದೆ, ಬಾಗಿಲ ಪಕ್ಕದಲ್ಲಿ ಕುರ್ಚಿ. ಮಗು ಇಲ್ಲ. ಎದ್ದೆ, ಬಿದ್ದೆ, ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ತಿರುವಿನಲ್ಲಿರುವ ಸೈಕಲ್ ರಿಪೇರಿಯವನು ಅವಳನ್ನು ಎತ್ತಿಕೊಂಡು ಬರುತ್ತಿದ್ದ. ಮೈಮೇಲೆ ಬಟ್ಟೆಯಿಲ್ಲ, ಒಂದು ಟವೆಲ್ ಎಳೆದುಕೊಂಡು ರಸ್ತೆ ನಡುವೆ ನಿಂತಿದ್ದಳಂತೆ. ಬಂದ ಬಂದ ಬಸ್ಸಿಗೆಲ್ಲ "ಅಮ್ಮ, ಅಮ್ಮ" ಎಂದು ಕೈ ಬೀಸುತ್ತಿದ್ದಳಂತೆ. ಒಂದು ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ ಗುರುತು ಇನ್ನೂ ರಸ್ತೆ ಮೇಲಿದೆ. ನಾನು ಆ ಕಡೆ ನೋಡದೆ ನಡೆಯುತ್ತೇನೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ನಿಂತಿದ್ದ ಹಾಗೇ ರಕ್ತದೊತ್ತಡ ಇಳಿದುಬಿಡುವ ಕಾಯಿಲೆ ಅಂದರು. ಗುಳಿಗೆ ಕೊಟ್ಟರು. ಭಾರ ಎತ್ತಬೇಡಿ, ಚಿಕ್ಕ ಮಗುವಿನ ಜೊತೆ ಒಬ್ಬರೇ ಇರಬೇಡಿ ಎಂದು ಬರೆದೂ ಕೊಟ್ಟರು. ಸೊಸೆ ಅವತ್ತಿನಿಂದ ರಜೆ ಹಾಕಿ ಮನೆಯಲ್ಲಿ ಕೂತಳು. ಮಾರ್ಚ್ ಹದಿನೈದರೊಳಗೆ ಡ್ಯೂಟಿಗೆ ಬರದಿದ್ದರೆ ಆ ಜಾಗಕ್ಕೆ ಬೇರೆಯವರು ಎಂದು ಡಿಪೋದವರು ನೋಟೀಸು ಕಳಿಸಿದರು. ತಪ್ಪು ಅವರದೂ ಅಲ್ಲ, ಬಸ್ಸಿಗೆ ಕಂಡಕ್ಟರ್ ಬೇಕಲ್ಲ. ನನಗೆ ಮಾತ್ರ ಭಯವಾಗಲಿಲ್ಲ, ಕೇಳು. ದುಡಿಯುವವರ ಮಕ್ಕಳನ್ನು ನೋಡಿಕೊಳ್ಳಲು ನನ್ನ ಮಗಳ ಇಲಾಖೆ ನಡೆಸುವ ಮಕ್ಕಳ ಮನೆ ಇಷ್ಟರಲ್ಲೇ ಬಾಗಿಲು ತೆರೆಯುತ್ತದೆ ಎಂದು ಸೊಸೆಗೆ ಧೈರ್ಯ ಹೇಳಿದವಳೇ ನಾನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನನಗೋ ಹೆಗ್ಗಣವಲ್ಲ, ಇಲಾಖೆಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತ ಮಗಳು. ನೆಂಟರ ಮುಂದೆ ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದೇನೋ.

ಮಕ್ಕಳ ಮನೆ ನಿಜವಾಗಿಯೂ ಬಾಗಿಲು ತೆರೆಯಿತು. ನಾನೇ ಹೋಗಿ ನೋಡಿ ಬಂದೆ. ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿ ಬಂತು. ಮನೆಯಿಂದ ಹತ್ತು ನಿಮಿಷದ ನಡಿಗೆ. ಬೆಳಿಗ್ಗೆ ನಾಲ್ಕೂವರೆಗೇ ತೆರೆಯುತ್ತಾರೆ, ಪಾಳಿ ಕೆಲಸದವರಿಗೆ ಅಂತಲೇ. ಮಕ್ಕಳ ಎತ್ತರಕ್ಕೆ ಕೈತೊಳೆಯುವ ತೊಟ್ಟಿ, ಮಕ್ಕಳ ಎತ್ತರಕ್ಕೆ ಕಿಟಕಿ. ನಾಲ್ಕು ಮಕ್ಕಳಿಗೆ ಒಬ್ಬಳು ಕಲಿತ ಆಯಾ, ಅವರವರ ಗಳಿಕೆ ನೋಡಿ ಶುಲ್ಕ. ಒಬ್ಬಳು ಆಯಾ ಅಳುವ ಮಗುವನ್ನು ಸುಮ್ಮನಾಗಿಸಲು ಅವಸರಪಡದೆ ಪಕ್ಕದಲ್ಲಿ ಕೂತು ತಾನೂ ಕಿಟಕಿಯಾಚೆ ನೋಡುತ್ತಿದ್ದಳು. ಇಂಥ ಜಾಗ ಇದ್ದಿದ್ದರೆ ನಿನ್ನನ್ನು ನಾನು ದುಡಿಯುತ್ತಿದ್ದ ಪುಸ್ತಕದ ಬೈಂಡಿಂಗ್ ಅಂಗಡಿಯಲ್ಲಿ ಮೇಜಿನ ಕೆಳಗೆ, ಕಾಗದದ ಕತ್ತರಿಕೆ ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸುತ್ತಿರಲಿಲ್ಲ. ಮೂರು ವರ್ಷ ಅದರಲ್ಲೇ ಬೆಳೆದೆ ನೀನು. ಮನೆಗೆ ಬಂದು ಬಟ್ಟೆ ಬಿಚ್ಚಿದರೆ ಕಿವಿಯೊಳಗಿಂದಲೂ ಕಾಗದದ ಚೂರು ಬೀಳುತ್ತಿತ್ತು. ಕೆಲಸಕ್ಕೆ ಸೇರಿದ ದಿನ "ಇನ್ಯಾವ ಮಗೂನೂ ಡಬ್ಬದಲ್ಲಿ ಮಲಗಬಾರದು ಅಮ್ಮಾ, ಅದಕ್ಕೇ ಈ ಇಲಾಖೆ" ಅಂದಿದ್ದೆಯಲ್ಲ, ಆ ಮಾತನ್ನು ನಂಬಿದ್ದೆ.

ಅರ್ಜಿ ಹಾಕಲು ನಾನೇ ಹೋದೆ, ಡಾಕ್ಟರಮ್ಮನ ಚೀಟಿ ಚೀಲದಲ್ಲಿಟ್ಟುಕೊಂಡು. ಕಚೇರಿ ಎರಡನೇ ಮಹಡಿಯಲ್ಲಿ, ಲಿಫ್ಟು ಕೆಟ್ಟಿದೆ. ಮೂರು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದೆ. ಬೆಂಚಿನ ಮೇಲೆ ನನ್ನ ಹಾಗೇ ಹತ್ತು ಹನ್ನೊಂದು ಅಜ್ಜಿಯರು ಕೂತಿದ್ದರು. ಒಬ್ಬಳಿಗೆ ಮಣಿಕಟ್ಟಿಗೆ ಪ್ಲಾಸ್ಟರು, ಅದರ ಮೇಲೇ ಮೊಮ್ಮಗು ನಿದ್ದೆ ಮಾಡುತ್ತಿತ್ತು. ಎಲ್ಲರೂ ಒಂಬತ್ತನೇ ಕಲಮಿನ ಹತ್ತಿರ ಪೆನ್ನು ಹಿಡಿದು ಕೂತಿದ್ದರು. ಆ ಕಲಮು ನಿನಗೆ ಬಾಯಿಪಾಠ ಇರಬಹುದು: "ಎಪ್ಪತ್ತು ವರ್ಷ ದಾಟದ ಅಜ್ಜಿ ಅಥವಾ ತಾತ ಇದೇ ಮನೆಯಲ್ಲಿ ವಾಸವಿದ್ದಾರೆಯೇ?" ನನಗೆ ಅರವತ್ತಾರು. ಹೌದು ಎಂದು ಬರೆದೆ. ಗುಮಾಸ್ತ ಅಷ್ಟನ್ನೇ ನೋಡಿ ಅರ್ಜಿಯನ್ನು ಎಡಗಡೆಯ ದೊಡ್ಡ ರಾಶಿಗೆ ಹಾಕಿದ. ಬಲಗಡೆ ನಾಲ್ಕೇ ನಾಲ್ಕು ಅರ್ಜಿ ಇದ್ದವು.

ಡಾಕ್ಟರಮ್ಮನ ಚೀಟಿ ತೋರಿಸಿದೆ. ಹಾಸಿಗೆ ಹಿಡಿದವರು ಅಂತ ಬರೆದಿದ್ದರೆ ಮಾತ್ರ ವಿನಾಯಿತಿಯಂತೆ. "ನೀವು ಎರಡು ಮಹಡಿ ಹತ್ತಿ ಬಂದಿದ್ದೀರಲ್ಲ ಅಜ್ಜಿ, ಗಟ್ಟಿಮುಟ್ಟಾಗಿದ್ದೀರ" ಅಂದ. ನಾನು ಕಷ್ಟಪಟ್ಟು ಹತ್ತಿದ ಮೆಟ್ಟಿಲೇ ನನ್ನ ವಿರುದ್ಧ ಸಾಕ್ಷಿ ಹೇಳಿತು ನೋಡು. ಮಗು ರಸ್ತೆಗೆ ಹೋದದ್ದನ್ನು ಹೇಳಿದೆ. ಪಾಪ, ಕೆಟ್ಟವನಲ್ಲ, ಅಯ್ಯೋ ಅಂದ. "ಮನೇಲಿ ಅಜ್ಜಿ ಇಲ್ಲ ಅಂತಿದ್ರೆ ಈ ವಾರಾನೇ ಜಾಗ ಸಿಗ್ತಿತ್ತು" ಎಂದು ಸಮಾಧಾನ ಹೇಳಿದ. ಅಂದರೆ ಅವತ್ತು ಅಡುಗೆಮನೆಯಲ್ಲಿ ಬಿದ್ದವಳು ಏಳದೇ ಹೋಗಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಸಾಯಲು ನನಗೆ ಪುರುಸೊತ್ತಿರಲಿಲ್ಲ, ಏನು ಮಾಡಲಿ. ಆಮೇಲೆ ಅವನು ಮೇಜಿನ ಮೇಲಿದ್ದ ಪುಸ್ತಕ ತೆಗೆದು, ಒಂದು ಪುಟ ಬಿಡಿಸಿ ನನ್ನ ಕಡೆ ತಿರುಗಿಸಿದ. "ಈ ಅಜ್ಜಿ ನೋಡಿ, ಎಷ್ಟು ಖುಷಿಯಾಗಿ ಹೇಳ್ತಾರೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದ.

ಮೂವತ್ತೊಂದು ವರ್ಷ ಬೈಂಡಿಂಗ್ ಮಾಡಿದ ಕೈ ನನ್ನದು. ಪುಸ್ತಕ ಕಂಡರೆ ಮೊದಲು ಬೆನ್ನು ನೋಡುತ್ತೇನೆ, ಓದುವುದು ಆಮೇಲೆ. ನಿಮ್ಮ ಇಲಾಖೆಯ ಪುಸ್ತಕಕ್ಕೆ ನಯವಾದ ಕಾಗದ, ನಡುವೆ ಎರಡೇ ಪಿನ್ನು, ಒಂದು ಪಿನ್ನಿನ ಬಾಯಿ ಸರಿಯಾಗಿ ಮುಚ್ಚಿಲ್ಲ, ಬೆರಳಿಗೆ ಚುಚ್ಚಿತು. ಹದಿನೇಳನೇ ಪುಟ. ಬಣ್ಣದ ಚೌಕಟ್ಟು. ಒಳಗೆ ತುರುಬು ಕಟ್ಟಿ ಕನ್ನಡಕ ಹಾಕಿದ ಒಬ್ಬ ಮುದುಕಿಯ ಚಿತ್ರ, ಹಲ್ಲೆಲ್ಲ ಇದೆ. ಮೇಲೆ "ಒಬ್ಬ ಅಜ್ಜಿಯ ಮಾತು" ಅಂತ. ಕೆಳಗೆ: "ಕಷ್ಟ ಏನು ಬಂತು? ಮೊಮ್ಮಗು ಮನೇಲಿದ್ರೆ ನನಗೆ ಔಷಧೀನೇ ಬೇಡ." ಅದರ ಕೆಳಗೆ ನಿಮ್ಮ ಭಾಷೆಯಲ್ಲಿ ಎರಡು ಸಾಲು: ಅಜ್ಜಿ ತಾತಂದಿರು ಸಂತೋಷದಿಂದ ಹೊತ್ತಿರುವ ಜವಾಬ್ದಾರಿಯನ್ನು ಸರ್ಕಾರ ಗೌರವಿಸುತ್ತದೆ, ಆದ್ದರಿಂದ ಅಂಥ ಕುಟುಂಬಗಳಿಗೆ ಆದ್ಯತೆಯ ಅಗತ್ಯ ಇರುವುದಿಲ್ಲ. ಪುಸ್ತಕದ ಕೊನೆಯಲ್ಲಿ ಸಿದ್ಧಪಡಿಸಿದವರ ಪಟ್ಟಿ, ಅದರಲ್ಲಿ ಮೂರನೆಯ ಹೆಸರು ನಿನ್ನದು. ಆ ಮಾತು ನನ್ನದು ಎಂದು ಗುಮಾಸ್ತನಿಗೆ ಹೇಳಲಿಲ್ಲ. ಹೇಳಿದ್ದರೆ, ಬರೆದವಳು ನನ್ನ ಮಗಳು ಎಂದೂ ಹೇಳಬೇಕಾಗುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಪುಸ್ತಕ ಮುಚ್ಚಿ ವಾಪಸ್ಸು ಕೊಟ್ಟು, ಮೆಟ್ಟಿಲಿಳಿದು ಬಂದೆ.

ಆ ಮಾತಾಡಿದ ದಿನ ನಿನಗೂ ನೆನಪಿರಲೇಬೇಕು. ಹೋದ ವರ್ಷ ನಿಮ್ಮ ಮೇಲಧಿಕಾರಿ ಮೇಡಂ, ಇನ್ನೊಬ್ಬ ಸಾಹೇಬರು, ಊರೂರು ಸುತ್ತಿ ಜನರ ಕಷ್ಟ ಕೇಳುತ್ತಾ ಬಂದಿದ್ದರು. ನೀನು ನಮ್ಮ ಮನೆಗೂ ಕರೆತಂದೆ. ಹಿಂದಿನ ದಿನವೇ ಬಂದು ಉಳಿದಿದ್ದೆ. ಬೆಳಿಗ್ಗೆ ನನಗೆ ಹಾಸಿಗೆಯಿಂದ ಏಳಲು ಆಗದೆ, ನೀನೇ ಬೆನ್ನಿಗೆ ಮುಲಾಮು ತಿಕ್ಕಿದೆ. ಆಗ ನಾನು ಏನು ಹೇಳಿದೆ, ಚೂಟಿ? "ನನ್ನ ಕೈಲಿ ಇನ್ನಾಗಲ್ಲ ಕಣೇ, ಒಂದಿನ ಈ ಮಗೂನ ಎಲ್ಲಾದ್ರೂ ಕೆಡವಿಬಿಡ್ತೀನೇನೋ ಅಂತ ಹೆದರಿಕೆ" ಅಂದೆ. ನೀನು "ಗೊತ್ತಮ್ಮಾ, ಗೊತ್ತು, ಅದಕ್ಕೇ ತಾನೇ ಓಡಾಡ್ತಿರೋದು" ಅಂದೆ. ಎರಡು ಗಂಟೆಯ ನಂತರ ಮೇಡಂ ಚಹಾ ಕುಡಿಯುತ್ತಾ "ಕಷ್ಟ ಆಗಲ್ವಾ ನಿಮಗೆ?" ಎಂದು ಕೇಳಿದರು. ಮನೆಗೆ ಬಂದವರು, ಅದರಲ್ಲೂ ಮಗಳ ಮೇಲಧಿಕಾರಿ, ಪಕ್ಕದಲ್ಲಿ ಸೊಸೆ ನಿಂತಿದ್ದಾಳೆ. ಅವರ ಮುಂದೆ ಮೊಮ್ಮಗು ಭಾರ ಅನ್ನಲೇ? ಸೊಸೆ ಮನಸ್ಸಿಗೆ ಏನಾಗಬೇಕು? ನಿನ್ನ ಮರ್ಯಾದೆ ಏನಾಗಬೇಕು? ಯಾವ ಮನೆಯ ಹೆಂಗಸಾದರೂ ಹೇಳುವ ಮಾತನ್ನೇ ನಾನೂ ಹೇಳಿದೆ, ನಕ್ಕೂ ನಕ್ಕೆ. ಅದು ಅತಿಥಿಗಳಿಗೆ ಚಹಾದ ಜೊತೆ ಕೊಡುವ ಮಾತು, ಸರ್ಕಾರಕ್ಕೆ ಕೊಟ್ಟ ಹೇಳಿಕೆಯಲ್ಲ.

ಮೇಡಂಗೆ ಅದು ತಿಳಿಯದೇ ಹೋಗಿರಬಹುದು, ಅವರ ಮೇಲೆ ನನಗೆ ಸಿಟ್ಟಿಲ್ಲ. ನಿನಗೆ ಗೊತ್ತಿತ್ತು. ಎರಡು ಮಾತನ್ನೂ ಕೇಳಿದವಳು ಈ ಭೂಮಿಯ ಮೇಲೆ ನೀನೊಬ್ಬಳೇ. ಮುಲಾಮಿನ ಕೈ ತೊಳೆದುಕೊಂಡು ಬಂದು, ಎರಡನೇ ಮಾತನ್ನು ಮಾತ್ರ ಬರೆದುಕೊಂಡೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ನನ್ನ ನೋವು ಬರೆಯದಿದ್ದರೆ ಬೇಡ, ಎಷ್ಟೋ ಹೆಂಗಸರದ್ದು ಬರೆಯದೇ ಹೋಗಿದೆ. ನನ್ನ ಮರ್ಯಾದೆಯ ಮಾತನ್ನು ತೆಗೆದುಕೊಂಡು ಅದರಿಂದಲೇ ನನ್ನ ಬಾಯಿ ಹೊಲಿದೆಯಲ್ಲ, ಅದು ತಡೆಯಲಾಗುತ್ತಿಲ್ಲ. ನನ್ನ ಒಬ್ಬಳ ಬಾಯಲ್ಲ, ಆ ಬೆಂಚಿನ ಮೇಲಿದ್ದ ಅಷ್ಟೂ ಜನರದ್ದು.

ಫೋನ್ ಮಾಡಿ ಕೇಳಿದಾಗ ನೀನು ಹೇಳಿದೆ: "ಇರೋ ಜಾಗ ಕಡಿಮೆ ಅಮ್ಮಾ, ಎಲ್ಲೋ ಒಂದ್ಕಡೆ ಗೆರೆ ಎಳೀಲೇಬೇಕು. ಅದೂ ಅಲ್ದೆ ನೀನೇ ಹೇಳಿದ ಮಾತಲ್ವಾ?" ನೀನೇ ಹೇಳಿದ ಮಾತಲ್ವಾ! ಈ ಕಾಗದ ಬರೆಯಲು ಕೂತದ್ದೇ ಅದರಿಂದ. ಗೆರೆ ಎಳೆಯುವುದು ನನಗೂ ಗೊತ್ತು ಮಗಳೇ, ಸಾವಿರಾರು ಪುಸ್ತಕದ ಅಂಚು ಕತ್ತರಿಸಿದ್ದೇನೆ. ಬ್ಲೇಡು ಇಳಿಸುವ ಮುಂಚೆ ಪಕ್ಕದವಳ ಬೆರಳು ಎಲ್ಲಿದೆ ಎಂದು ನೋಡುತ್ತಿದ್ದೆವು. ಜಾಗ ಕಡಿಮೆ ಇದ್ದರೆ ಕಡಿಮೆ ಇದೆ ಎಂದು ಹೇಳಿ, ಚೀಟಿ ಎತ್ತಿ, ಸರದಿ ಹಚ್ಚಿದ್ದರೆ ನಾವು ಕಾಯುತ್ತಿದ್ದೆವು. ಅಜ್ಜಿಯರಿಗೆ ಬೇಡವಂತೆ ಎಂದು ಬರೆದದ್ದು ಯಾಕೆ? ಆಮೇಲೆ ನೀನು ದನಿ ತಗ್ಗಿಸಿ, "ಬೇಕಾದ್ರೆ ಒಂದು ಫೋನ್ ಮಾಡಿ ನಮ್ಮನೇದು ಮಾತ್ರ ಸರಿ ಮಾಡಿಸ್ತೀನಿ" ಅಂದೆಯಲ್ಲ, ಅಲ್ಲಿಗೆ ನಾನು ಫೋನ್ ಇಟ್ಟೆ. ಕೈ ತಪ್ಪಿ ಕಟ್ಟಾಯಿತು ಎಂದುಕೊಂಡಿದ್ದರೆ, ಅಲ್ಲ. ಪ್ಲಾಸ್ಟರಿನ ಮೇಲೆ ಮಗು ಮಲಗಿಸಿಕೊಂಡವಳ ಮುಂದೆ ನನ್ನ ಮೊಮ್ಮಗಳನ್ನು ಹಿಂಬಾಗಿಲಿನಿಂದ ಕರೆದುಕೊಂಡು ಹೋಗಲು ನನ್ನಿಂದ ಆಗುತ್ತಿರಲಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ, ಹೇಳದಿದ್ದರೆ ಹೊಟ್ಟೆಯಲ್ಲೇ ಹುಳಿಯಾಗುತ್ತದೆ. ನಿನ್ನ ಮರಿ ಹೋಗುವುದು ನಿಮ್ಮ ಕಚೇರಿಯ ಕೆಳಮಹಡಿಯ ಮಕ್ಕಳ ಕೋಣೆಗೆ. ನಿನ್ನ ಅತ್ತೆ ನಿನ್ನ ಮನೆಯಲ್ಲೇ ಇದ್ದಾರೆ, ನನಗಿಂತ ನಾಲ್ಕು ವರ್ಷ ಚಿಕ್ಕವರು. ಕಚೇರಿಯವರ ಮಕ್ಕಳಿಗೆ ಒಂಬತ್ತನೇ ಕಲಮು ಇಲ್ಲವೇನೋ. ಹೇಳೋದು ಶಾಸ್ತ್ರ, ಹಾಕೋದು ಗಾಳ. ಅವರು ಹಾಯಾಗಿರಲಿ, ನನಗೆ ಹೊಟ್ಟೆಕಿಚ್ಚಿಲ್ಲ, ಮಕ್ಕಳನ್ನು ಸಾಕಿ ದಣಿದ ಜೀವ ಅದೂ. ನಿನಗೆ ಕೇಳುವುದಿಷ್ಟೇ, ಅವರ ದಣಿವು ನಿನಗೆ ಕಂಡಿತು, ನನ್ನದು ಯಾಕೆ ಕಾಣಲಿಲ್ಲ?

ಡಿಪೋದವರ ಗಡುವು ಹತ್ತಿರ ಬಂದಾಗ ಸೊಸೆ ಕೆಲಸ ಬಿಡುತ್ತೇನೆ ಎಂದು ಸಮವಸ್ತ್ರ ಮಡಿಸಿ ಪೆಟ್ಟಿಗೆಗೆ ಹಾಕಿದಳು. ನಾನು ಹೊರಗೆ ತೆಗೆದಿಟ್ಟೆ. ಮೂರು ಸಲ ಅವಳು ಹಾಕಿದಳು, ಮೂರು ಸಲ ನಾನು ತೆಗೆದೆ. ಕೊನೆಗೆ ಒಂದು ದಾರಿ ಮಾಡಿಕೊಂಡೆವು. ನಾಳೆಯಿಂದ ಅವಳು ಮೊದಲ ಬಸ್ಸಿಗೆ ಹೋಗುತ್ತಾಳೆ, ಆ ಯೋಚನೆ ನಿನಗೆ ಬೇಡ. ನಿನ್ನ ಮೇಲೆ ನನಗೆ ಸಿಟ್ಟಿದೆ, ಅದು ಇಳಿಯುತ್ತದೆ ಎಂದು ಸುಳ್ಳು ಹೇಳಲಾರೆ. ಆದರೂ ಕಾಯಿಲೆ ಬೀಳಬೇಡ, ಊಟ ಹೊತ್ತಿಗೆ ಮಾಡು. ಬೀಗಿತ್ತಿಯವರಿಗೆ ನನ್ನ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ, ಮರಿಗೆ ಆರು ಎಂಬುದೊಂದು ಸಂಖ್ಯೆ ಇದೆ ಎಂದು ಹೇಳಿ ಒಂದು ಮುತ್ತು. ನಿನಗೂ ಒಳ್ಳೆಯದಾಗಲಿ, ಹೆತ್ತವಳ ಬಾಯಿಂದ ಬೇರೆ ಮಾತು ಬರುವುದಿಲ್ಲ.

ನಿನ್ನ
ಅಮ್ಮ

ಸಹಿ ಹಾಕಿದ ಮೇಲೆ: ಹೇಳಬೇಕಾದ್ದನ್ನೇ ಬಿಟ್ಟಿದ್ದೇನೆ. ಇನ್ನು ಮುಂದೆ ನನಗೆ ಬರೆಯುವುದಿದ್ದರೆ ಮನೆಯ ವಿಳಾಸಕ್ಕೆ ಬರೆಯಬೇಡ, ಬೈಂಡಿಂಗ್ ಅಂಗಡಿಯ ವಿಳಾಸಕ್ಕೆ ಬರೆ. ಮೇಲೆ ಕಾಗದದ ಬಂಡಲು ಇಡುತ್ತಿದ್ದ ಕೋಣೆಯನ್ನು ಮಾಲೀಕರು ಖಾಲಿ ಮಾಡಿಸಿ ಕೊಟ್ಟರು, ಎರಡು ವಾರದಿಂದ ನಾನು ಇಲ್ಲಿದ್ದೇನೆ. ಅರ್ಜಿಯಲ್ಲಿ ಸುಳ್ಳು ಬರೆಯಲು ನನಗೆ ಬರುವುದಿಲ್ಲ, ಅದಕ್ಕೇ ನಿಜವಾಗಿಯೇ ಬಂದುಬಿಟ್ಟೆ, ಆಮೇಲೆ ಸೊಸೆ ಹೊಸ ಅರ್ಜಿ ಹಾಕಿದಳು. ಹೋದ ಗುರುವಾರ ನಿಮ್ಮ ಇಲಾಖೆಯವನು ಮನೆ ಪರೀಕ್ಷೆಗೆ ಹೋಗಿ, ಹಲ್ಲುಜ್ಜುವ ಬ್ರಶ್ಶು ಎಷ್ಟಿವೆ, ಹಾಸಿಗೆ ಎಷ್ಟಿವೆ ಎಲ್ಲ ನೋಡಿ, ಅಜ್ಜಿ ಇಲ್ಲ ಎಂದು ಬರೆದುಕೊಂಡ. ನಿನ್ನೆ ಬುಗುರಿಗೆ ಜಾಗ ಕೊಟ್ಟರು. ಅಜ್ಜಿ ದಿನಾ ಮನೆಯಲ್ಲಿ ಕಂಡರೆ ಜಾಗ ರದ್ದಾಗುತ್ತದಂತೆ, ಹಾಗಾಗಿ ನಾನು ಹೋಗುವುದಿಲ್ಲ, ಭಾನುವಾರ ಸೊಸೆಯೇ ಅವಳನ್ನು ಇಲ್ಲಿಗೆ ಕರೆದುಕೊಂಡು ಬರುತ್ತಾಳೆ. ನಾನು ಹೊರಟ ದಿನ ಬುಗುರಿ ತನ್ನನ್ನೂ ಕರೆದುಕೊಂಡು ಹೋಗುತ್ತೇನೆ ಅಂದುಕೊಂಡು, ತಾನೇ ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಬಂದು ನಿಂತಳು. ಎಡಗಾಲಿನದು ಬಲಗಾಲಿಗೆ ಹಾಕಿಕೊಂಡಿದ್ದಳು. ಬಗ್ಗಿ ಸರಿ ಮಾಡಲಿಲ್ಲ ಚೂಟಿ, ಬಗ್ಗಿದ್ದರೆ ಹೊರಡುತ್ತಿರಲಿಲ್ಲ.